ಬ್ರೇಕಿನ ಮ್ಯಾಲಿನ ಕಾಲು

ನೀರು ಹಾಕಬ್ಯಾಡೋ ಮಾರಾಯ, ಅಂತ ಒದರಿದೆ.
ರಾಜೇಸಾಬ ಆಗಲೇ ಚರಿಗಿ ಎತ್ತಿದ್ದ.
ಕಾದ ಹೆಡ್ಡಿಗೆ ತಣ್ಣೀರು ಬಿದ್ರ
ಸೀಳು ಬಿಡತೈತಿ, ಸದ್ದಿಲ್ದ,
ಅಣ್ಣತಮ್ಮರ ಮನಿ ಸೀಳಿದಂಗ.

ಅವನ ಗಾಡಿ ಹಿಂದ ತಗಡಿನ ಡಬ್ಬಿ,
ಡಬ್ಬಿ ತುಂಬ ಖಾರಿ, ಟೋಸ್ಟು, ಜೀರಿಗಿ ಬಟರು.
ತಾಳಿಕೋಟಿ ಬಿಟ್ಟು ಮಿಣಜಗಿ, ಅಲ್ಲಿಂದ ಮುಂದ
ಹನ್ನೆರಡು ಚಾದಂಗಡಿ, ದಿನಾ ಅದೇ ಸುತ್ತು.
ಎಂಟು ಕಿಲೋಮೀಟರ್ ಆಗೂದ್ರಾಗ
ತೊಡಿ ಸುಡತೈತ್ರಿ, ಎಳಿಯಂಗಿಲ್ರಿ,
ಏರು ಬಂದ್ರ ಅಳತೈತ್ರಿ, ಅಂದ.

ಬೇವಿನ ನೆಳ್ಳಾಗ ನಿಲ್ಲಿಸಿ ಒಂದು ತಾಸು ಬಿಟ್ಟೆ.
ಬಿಸಿ ಇಂಜಿನ್ನು ಸಿಟ್ಟಿಗೆದ್ದ ಅಳಿಯ ಇದ್ದಂಗ,
ಮೊದಲು ಆರಬೇಕು, ಆಮ್ಯಾಲೆ ಮಾತು.

ಎಣ್ಣಿ ಕಡ್ಡಿ ಎಳೆದೆ: ತುದಿಗಷ್ಟ ಹತ್ತಿತ್ತು,
ಮೂರು ಸಲ ಕುದಿಸಿದ ಚಾದ ಬಣ್ಣ, ಸುಟ್ಟ ವಾಸನಿ.
ಪ್ಲಗ್ಗು ಬಿಚ್ಚಿದೆ: ಇಟ್ಟಂಗಿ ಬಣ್ಣ ಇರಬೇಕಾದ ತುದಿ
ವಿಭೂತಿ ಬಡಕೊಂಡು ಕುಂತಿತ್ತು.
ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ, ಅಂದ್ಕೊಂಡೆ.
ಕ್ಲಚ್ ವಾಯರಿನ ಒಂದೆಳಿ ಬಿಡಿಸಿ
ಜೆಟ್ಟಿನ ಕಣ್ಣಾಗ ತೂರಿಸಿ, ಮುಗಿಲಿಗೆ ಹಿಡಿದು ನೋಡಿದೆ,
ಸೂಜಿಮನಿಯಷ್ಟು ಬೆಳಕು ಬಂತು.
ಬ್ಲಾಕಿನ ರೆಕ್ಕಿ ಸಂದ್ಯಾಗ ಡೋಣಿ ದಂಡಿ ಎರಿಮಣ್ಣು
ಒಣಗಿ ಕಲ್ಲಾಗಿತ್ತು. ಮುರಿದ ಆಕ್ಸಾ ಬ್ಲೇಡಿನಿಂದ ಕೆರೆದೆ,
ಬೊಗಸಿ ತುಂಬ ಒಂದು ಹೊಲ ಬಂತು.

ನಮ್ಮಪ್ಪ ಬಂಡಿ ಗಾಲಿಗೆ ಹಳಿ ಕೂಡ್ರಸಾಂವ.
ಕುಳ್ಳಿನ ಬೆಂಕ್ಯಾಗ ಹಳಿ ಕೆಂಪಾಗಿ ಹಿಗ್ಗೂತನ ಕಾಯ್ತಿದ್ದ,
ಇಕ್ಕಳದಿಂದ ಎತ್ತಿ ಕಟಗಿಗೆ ತೊಡಿಸಿ ನೀರು ಸುರುವಿದ್ರ
ಚೊರ್ರ್ ಅಂದು ಜನ್ಮಕ್ಕ ಅಪ್ಪಿಕೊಂತಿತ್ತು.
ಅವನ ಕಸುಬಿಗೆ ಅದು ಮದಿವಿ. ನನ್ನದಕ್ಕ ಸಾವು.
ಎಣ್ಣಿ ಇಲ್ದ ಪಿಸ್ಟನ್ನು ಹಿಗ್ಗಿ ಬೋರ್ ಅಪ್ಪಿಕೊಂಡ್ರ
ಬಿಡಿಸಾಕ ದೇವರೂ ಪಾನಾ ಹಿಡೀಬೇಕು.

ಮುನ್ನೂರಾ ನಲವತ್ತು ತಗೊಂಡೆ.

ನಾಲ್ಕನೇ ದಿನ ಮತ್ತ ಬಂದ.
ಟೋಸ್ಟು ಡಬ್ಬ್ಯಾಗ ಇನ್ನೊಮ್ಮೆ ಬೇಯಾಕತ್ತಾವ್ರಿ ಮಿಸ್ತ್ರಿ,
ಅಂತ ನಕ್ಕ. ನನಗ ನಗು ಬರಲಿಲ್ಲ.

ಈ ಸಲ ಪಾನಾ ಮುಟ್ಟಲಿಲ್ಲ. ಡಬ್ಬಿ ಇಳಿಸಿ
ಅದರ ಜಾಗಾದಾಗ ನಾನ ಕುಂತೆ, ನಡಿ ಅಂದೆ.
ಹಿಂದ ನನ್ನ ಗಾಡಿ ಮ್ಯಾಲೆ ಹುಡುಗ ಮುತ್ತು.
ಊರು ದಾಟಿ ಹೊಲ ಬಂದು, ಹೊಲ ದಾಟಿ ಹಳ್ಳ ಬಂತು,
ಮುತ್ತು ಬಾಜೂಕ ಬಂದು ಒದರಿದ:
ಕಾಕಾ, ಹಿಂದಿನ ಕೆಂಪು ದೀಪ
ಅಲ್ಲಿಂದ ಇಲ್ಲೀತನ ಆರೇ ಇಲ್ಲ!

ಬಗ್ಗಿ ನೋಡಿದೆ.
ಬಲಗಾಲಿನ ಚಪ್ಪಲಿ ಬ್ರೇಕಿನ ಮ್ಯಾಲೆ,
ಮಲಗಿದ ಕೂಸಿನ ಮ್ಯಾಲೆ ಕೈ ಇಟ್ಟಂಗ,
ಒತ್ತಂಗೂ ಇಲ್ಲ, ತೆಗಿಯಂಗೂ ಇಲ್ಲ.
ನಿಲ್ಲಿಸಿ ಹಿಂದಿನ ಡ್ರಮ್ಮು ಮುಟ್ಟಿದೆ: ರೊಟ್ಟಿ ಹಂಚು.
ಕೈ ಹೋಗು ಅಂತೈತಿ, ಕಾಲು ಬ್ಯಾಡ ಅಂತೈತಿ,
ನಡುವ ಇಂಜಿನ್ನು ಬೇಯತೈತಿ.

ಯಾವಾಗಿಂದ ಹಿಂಗ? ಅಂದೆ.
ಅಂವ ತನ್ನ ಕಾಲು ನೋಡಿದ,
ಬ್ಯಾರೆಯವರ ಕಾಲು ನೋಡಿದಂಗ.

ಶ್ರಾವಣದಾಗ್ರಿ. ಸಾಲಿ ಮುಂದ ಒಂದು ಹುಡುಗಿ
ಎರಡು ರೂಪಾಯಿ ಹಿಡಕೊಂಡು
ಖಾರಿ, ಖಾರಿ ಅಂತ ಅಡ್ಡ ಓಡಿ ಬಂದ್ಲು.
ಗಾಲಿಗೂ ಆಕಿಗೂ ಗೇಣು ಇತ್ರಿ.
ಏನೂ ಆಗ್ಲಿಲ್ಲ. ಖಾರಿ ತಗೊಂಡು ಹೋದ್ಲು.
ಏನೂ ಆಗ್ಲಿಲ್ರಿ,
ಅಂತ ಮತ್ತೊಮ್ಮೆ ಅಂದ.

ಸವೆದ ಬ್ರೇಕ್ ಶೂ ತೆಗೆದು ಹೊಸಾವು ಹಾಕಿದೆ.
ಬೋಲ್ಟು ತಿರುವಿ ಪೆಡಲ್ಲು ಅರ್ಧ ಇಂಚು ಕೆಳಗಿಳಿಸಿದೆ.
ಕಾಲಿಡೋ ಕಡ್ಡಿಗೂ ಹೊಸ ರಬ್ಬರು ತೊಡಿಸಿದೆ,
ಕಾಲಿಗೆ ಕುಂದ್ರಾಕ ಬ್ಯಾರೆ ಜಾಗ ಇರಲಿ ಅಂತ.
ರೊಕ್ಕ ಕೇಳಲಿಲ್ಲ.
ತಪ್ಪು ಜಾಗಾ ಕೆರೆದದ್ದು ಇನ್ನೂ ಕಿಸೆದಾಗಿತ್ತು.
ಅಂವ ಸುಮ್ನ ಹೋಗದ
ಅಂಚು ಕರಿಯಾದ ಟೋಸ್ಟು ನಾಲ್ಕು ಇಟ್ಟು ಹೋದ.

ಮೊನ್ನೆ ಮುತ್ತು ಹೇಳಿದ:
ದಾರಿ ತುಂಬ ದೀಪ ಆರಿರತೈತಿ ಕಾಕಾ,
ಸಾಲಿ ಬಂತಂದ್ರ ಹತ್ತತೈತಿ, ಸೂಟಿ ದಿನಾನೂ.

ಹತ್ತಲಿ ಬಿಡು, ಅಂದೆ,
ಆ ಹತ್ತರ ಪಾನಾ ಕೊಡಿಲ್ಲೆ.