ಹದಿನಾಲ್ಕೂವರಿ ಸಾವಿರದ ಎರಡು ಗಾಲಿ

ಟೆಂಗಳಿ ಕ್ರಾಸಿನ್ಯಾಗ ಟ್ಯೂಬು ಒಮ್ಮೆಲೇ ಕೂತ ದಿನ
ಬೆನ್ನಿಗೆ ಐಸಿನ ಡಬ್ಬಿ, ಡಬ್ಬಿಯೊಳಗ ಮೂವತ್ತೊಂದು ಮಂದಿ:
ತಿಪ್ಪವ್ವ, ವಯಸ್ಸು ಅರವತ್ತೆರಡು, ಥೈರಾಯ್ಡು;
ಹೆಸರಿಡದ ಕೂಸು, ಎರಡು ದಿನ, ಕಾಮಣಿ;
ಒಬ್ಬಾಂವ ಬರೀ 'ಡ್ರೈವರ್' ಅಂತ ಬರೆಸಿದ್ದ, ಸಕ್ಕರಿ.
ನೆತ್ತಿ ಮ್ಯಾಲ ನಲವತ್ಮೂರು ಡಿಗ್ರಿ.
ಸಿಮೆಂಟ್ ಲಾರಿ ಒಂದರ ಹಿಂದ ಒಂದು
ಮಾರಿಗೆ ಬೂದಿ ಬಡದು ಹೋದವು, ಒಂದೂ ನಿಂದರಲಿಲ್ಲ.
ಐಸು ನೀರಾಗೋ ಸಪ್ಪಳ ಕೇಳ್ತದಂತ
ಅವತ್ತೇ ಗೊತ್ತಾತು ನನಗ.

ಮರುದಿನ ಕಲಬುರಗಿಯ ರಿಂಗ್ ರೋಡಿನ ಅಂಗಡಿ ಮುಂದ ನಿಂತೆ.
ಗಾಜಿನ ಹಿಂದ ಅಲಾಯ್ ಗಾಲಿ,
ಕರ್ರಗ, ಐದು ತೋಳಿನವು, ಅಂಚಿಗೆ ತಾಮ್ರದ ಗೆರಿ.
ಜೋಡಿಗೆ ಹದಿನಾಲ್ಕೂವರಿ ಸಾವಿರ.
ನನ್ನ ಪಗಾರ ಹದಿಮೂರು.
ಟ್ಯೂಬ್‌ಲೆಸ್ ಅಂದ ಅಂಗಡಿಯಾಂವ, ಮೊಳಿ ಚುಚ್ಚಿದರೂ
ಮೆಲ್ಲಗ ಉಸಿರು ಬಿಡ್ತದ, ಮನಿ ಮುಟ್ಟಸ್ತದ.
ಸುಳ್ಳೇನಲ್ಲ.
ಹಗುರ ಅದಾವ, ಎವರೇಜ್ ಕೊಡ್ತಾವ, ಅಂದ.
ತಕ್ಕಡಿ ಅದ ಏನು, ಕೇಳಿದೆ. ಚಹಾ ತರಿಸಿದ.

ಖರೆ ಹೇಳಬೇಕಂದ್ರ
ಅಣವೀರನ ಗಾಡಿಗೆ ಅವು ಇದ್ದವು.
ಅವನೂ ರಕ್ತ ಒಯ್ಯಾಂವನೇ, ಬ್ಯಾರೆ ಲ್ಯಾಬಿಗೆ.
ಸೇಡಂ ಬಸ್‌ಸ್ಟ್ಯಾಂಡಿನ ಕಟ್ಟಿ ಮುಂದ ಅವನ ಗಾಡಿ ನಿಂತ್ರ
ಹುಡುಗ್ರು ಗ್ಲಾಸು ಹಿಡಕೊಂಡು ಸುತ್ತ ತಿರುಗತಿದ್ರು.
ನನ್ನ ಗಾಡಿಗೆ ಒಬ್ಬ ಮುದುಕ ಒರಗಿ ನಿಂತು
ಬೀಡಿ ಸೇದತಿದ್ದ.

ಗಾಲಿ ಬೇಕಾದದ್ದು ಡಬ್ಬಿಗೋ, ನನಗೋ?
ಕ್ಯಾಲ್ಕುಲೇಟರಿನ್ಯಾಗ ಆ ಗುಂಡಿ ಇರಲಿಲ್ಲ.

ಮಸ್ತಾನಸಾಬರು ಗಾಡಿ ಸ್ಟ್ಯಾಂಡಿಗೆ ಹಚ್ಚಿ
ಹಿಂದಿನ ಗಾಲಿ ತಿರುವಿ, ಒಂದು ಕಣ್ಣು ಮುಚ್ಚಿದರು.
ಆಮ್ಯಾಲ ಪಾನಾದ ತುದಿಯಿಂದ
ಕಡ್ಡಿ ಒಂದೊಂದೇ ಬಡೀತ ಬಂದ್ರು:
ಟಿಂಗ್, ಟಿಂಗ್, ಟಿಂಗ್, ಟಪ್.
"ಇಂವ ಮಾತಾಡವಲ್ಲ."
ಮೂವತ್ತಾರರೊಳಗ ನಾಕು ಮೂಕ.

"ಭೀಮಶಾ, ಅಲಾಯ್ ಕೂಡಿಸಿದ್ರ ನನಗ ಎರಡು ಸಾವಿರ ಸಿಗ್ತದ,
ಅದಕ್ಕ ನಾ ಹೇಳೋದು ಅರ್ಧ ಅಷ್ಟೇ ನಂಬು.
ನಿನ್ನ ಗಾಡಿ ಅಳತಿಗೆ ಅವು ಹುಟ್ಟಿಲ್ಲ,
ಬೇರಿಂಗಿನ ಬಾಜೂಕ ವಾಷರ್ ಕೂಡಸಬೇಕು.
ಕಡ್ಡಿ ಗಾಲಿ ತೆಗ್ಗಿನ್ಯಾಗ ಬಿದ್ರ ಬಾಗ್ತದ, ನಾ ನೆಟ್ಟಗ ಮಾಡ್ತೀನಿ.
ಅದು ಬಿದ್ರ ಸೀಳ್ತದ. ಸೀಳಿದ್ದಕ್ಕ ನನ್ನ ಹತ್ರ ಮದ್ದಿಲ್ಲ.
ಆದ್ರ ಮೊಳಿ ಚುಚ್ಚಿದ ದಿನ ನನ್ನ ಬೈಬ್ಯಾಡ."

ಲ್ಯಾಬಿನ ಜಗದೇವಿ ಮೇಡಂ ನಳಿಗಿ ಬೆಳಕಿಗೆ ಹಿಡೀತಾರ.
ಮ್ಯಾಲಿನ ನೀರು ಹಳದಿ ಇರಬೇಕು.
ದಾರಿ ಭಾಳ ಕುಲುಕಿದ್ರ ರಕ್ತ ಒಡೀತದ, ನೀರು ಕೆಂಪಾಗ್ತದ,
ಮತ್ತ ಚುಚ್ಚಬೇಕು.
ಎರಡು ದಿನದ ಕೂಸಿನ ಹಿಮ್ಮಡ
ಎಷ್ಟಿರ್ತದ?
ಯಾವ ಗಾಲಿ ಕಡಿಮಿ ಕುಲುಕ್ತದ ಅಂತ ಮೇಡಂಗ ಕೇಳಿದೆ.
ನೀ ಹೆಂಗ ಹೊಡೀತಿ ಅನ್ನೋದರ ಮ್ಯಾಲ, ಅಂದ್ರು,
ಮುಂದಿನ ನಳಿಗಿ ತಗೊಂಡ್ರು.

ಮಳಿ ಹತ್ತಿದ ಮ್ಯಾಲ ಒಂದು ಮಂಗಳವಾರ
ಮಳಖೇಡದ ಸೇತುವಿ ದಾಟಿ ಅಣವೀರ ನಿಂತಿದ್ದ.
ನೀರು ತುಂಬಿದ ತೆಗ್ಗು ರಸ್ತೆ ಹಾಂಗೇ ಕಂಡಿತ್ತಂತ.
ತಾಮ್ರದ ಗೆರಿ ನಡುವ ಬೆರಳು ಹೋಗೋವಷ್ಟು ಸೀಳು.
ನಾ ನಗಲಿಲ್ಲ. ನಗಬೇಕು ಅನಿಸಿತ್ತು, ಅದು ಬ್ಯಾರೆ.
ಅವನ ಡಬ್ಬಿ ನನ್ನ ಡಬ್ಬಿ ಮ್ಯಾಲ ಬಿಗದು
ಎರಡು ಲ್ಯಾಬಿನ ರಕ್ತ ಒಂದೇ ಹಗ್ಗದಾಗ
ಮೂವತ್ತರ ಮ್ಯಾಲ ಏರಸದೆ ತಂದೆ.
ದಾರಿಗುಂಟ ಕಡ್ಡಿ ಕೇಳತಿದ್ದೆ.

ಹೊಸ ಟೈರು, ನಾಕು ಕಡ್ಡಿ, ಬೇರಿಂಗು,
ಸೀಟಿನ ಕೆಳಗೊಂದು ಟ್ಯೂಬು, ಕೈ ಪಂಪು:
ಎಲ್ಲಾ ಸೇರಿ ಮೂರು ಸಾವಿರದ ಎಂಟನೂರು.
ಇಷ್ಟಕ್ಕ ಮಾತು ಮುಗೀಬೇಕಿತ್ತು.

ಆದ್ರ ರಿಂಗ್ ರೋಡಿನ್ಯಾಗ ಆ ಗಾಜಿನ ಮುಂದ
ಗಾಡಿ ತಾನಾಗೇ ನಿಧಾನ ಆಗ್ತದ.
ಮೊನ್ನೆ ಅಂಗಡಿಯಾಂವ ಹೊರಗ ಬಂದು
ಒಂದು ಸಾವಿರ ಬಿಡ್ತೀನಿ ಅಂದ.
ನಾ ಒಲ್ಲೆ ಅನ್ನಲಿಲ್ಲ.