ಮೂರನೇ ನಂಬರಿನ ಕೋಟು

ಗಿರಣಿ ಮುಚ್ಚಿದ ಮೇಲೆ
ಅದರ ಬಣ್ಣದ ಕೋಣೆಯನ್ನು ನಗರಸಭೆ ನಮಗೆ ಬಿಟ್ಟುಕೊಟ್ಟಿತು.
ಬಾಗಿಲಿಗೆ ಹಲಗೆ: ಸಂದರ್ಶನಕ್ಕೆ ಹೋಗುವವರಿಗೆ
ಕೋಟು, ಷರಾಯಿ, ಬೂಟು. ಎರವಲು. ಬಾಡಿಗೆಯಿಲ್ಲ.
ಪೋಲೆಂಡಿನ ಈ ವುಚ್ ಊರಿನಲ್ಲಿ ಒಂದು ಕಾಲಕ್ಕೆ
ಅರ್ಧ ಜಗತ್ತಿಗೆ ಬಟ್ಟೆ ನೇಯ್ದೆವು ಅನ್ನುತ್ತಾರೆ.
ಈಗ ಟ್ರಾಮು ತಿರುಗುವಲ್ಲಿ ಇಳಿದವರು
ಬಾಗಿಲ ಮುಂದೆ ಎರಡು ಸಲ ಸುಮ್ಮನೆ ಹಾದುಹೋಗುತ್ತಾರೆ,
ಮೂರನೇ ಸಲಕ್ಕೆ ಒಳಗೆ ಬರುತ್ತಾರೆ.
ಯಾವಾಗಲೂ ಮೂರನೇ ಸಲ.

ನಾನು ಬೊಗುಮಿಲಾ. ಇದೇ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ
ಕಡಿದ ಎಳೆಗೆ ಗಂಟು ಹಾಕಿದವಳು.
ಕೆಲಸ ಹೋಯಿತು, ಬೆರಳಿಗೆ ಸುದ್ದಿ ಮುಟ್ಟಲಿಲ್ಲ.
ಟ್ರಾಮಿನಲ್ಲಿ, ನಿದ್ದೆಯಲ್ಲಿ,
ಇಲ್ಲದ ಎಳೆಗೆ ಗಂಟು ಹಾಕುತ್ತಲೇ ಇದ್ದವು.

ಅಳತೆ ತೆಗೆಯುವಾಗ ಪ್ರಶ್ನೆ ಕೇಳುತ್ತೇನೆ,
ತುಟಿ ನಡುವೆ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ:
"ಹೇಳಿ, ನಿಮ್ಮ ಬಗ್ಗೆ."
ಸೂಜಿ ಕಚ್ಚಿದ ಬಾಯಿಗೆ ಹೆದರದವರು
ಟೈ ಕಟ್ಟಿದ ಬಾಯಿಗೆ ಹೆದರುವುದಿಲ್ಲ.
ಇದು ನನ್ನ ಸಿದ್ಧಾಂತ.
ಹಲವು ಸಲ ಸುಳ್ಳಾಗಿದೆ.

ಹಾಲ್ಷ್ಕಾಳ ಅರ್ಜಿಯಲ್ಲಿ ಆರು ವರ್ಷ ಖಾಲಿ.
"ಬಿಡುವಿನಲ್ಲಿದ್ದೆ" ಅಂದಳು, ಕೋಟಿನ ಅಸ್ತರಿಗೆ ಹೇಳುವಂತೆ.
ಬಿಡುವೇ! ಸೊಂಟ ಬಿದ್ದುಹೋದ ಅಣ್ಣನನ್ನು
ಎಬ್ಬಿಸಿ, ಕೂರಿಸಿ, ಮಗ್ಗುಲು ಬದಲಿಸಿ,
ರಾತ್ರಿ ಎರಡಕ್ಕೂ ಮಾತ್ರೆ ತಪ್ಪಿಸದವಳು.
"ಮೂರು ಪಾಳಿ ಮಾಡಿದೆ, ರಜೆಯಿಲ್ಲದೆ. ಹಾಗನ್ನು."
"ಸಂಬಳ ಎಷ್ಟಿತ್ತು ಅಂತ ಕೇಳಿದರೆ?"
ಸೂಜಿ ಬಾಯಲ್ಲಿತ್ತು, ಪುಣ್ಯಕ್ಕೆ.
ಉತ್ತರಿಸಬೇಕಾಗಲಿಲ್ಲ.

ಇನ್ನು ಇರೆನೆಯುಷ್. ಬಾಯ್ಲರಿನವನು, ಐವತ್ತಮೂರು.
ಮೂರನೇ ನಂಬರಿನ ಬೂದು ಕೋಟು, ಇದು ಐದನೇ ಸಲ,
ಮೊಣಕೈ ಆಗಲೇ ಮಿರುಗುತ್ತಿದೆ.
"ಒತ್ತಡ ನೋಡುತ್ತಿದ್ದೆವು, ಕವಾಟ ತೆರೆಯುತ್ತಿದ್ದೆವು."
"ತೆರೆಯುತ್ತಿದ್ದೆ ಅನ್ನಿ. ಕೆಲಸ ಕೇಳುತ್ತಿರುವುದು ನೀವೊಬ್ಬರೇ."
"ಒಬ್ಬನೇ ಎಲ್ಲಿದ್ದೆ ನಾನು?"
ತೋಳಿನ ಹೊಲಿಗೆ ಪೂರ್ತಿ ಬಿಚ್ಚಿ ಮತ್ತೆ ಹಾಕುವಷ್ಟು ಹೊತ್ತು
ಹಿಡಿಯಿತು, ಅವನ ಕ್ರಿಯಾಪದಗಳ ಬಾಲದಿಂದ
ಆ ಒಂದು 'ವು' ಕತ್ತರಿಸುವುದಕ್ಕೆ.
ತೆರೆದೆ. ನೋಡಿದೆ. ತಿರುಗಿಸಿದೆ.
ಚಳಿಗೆ ಬೋಳಿಸಿದ ಕುರಿಯ ಹಾಗೆ ನಿಂತವು ಮಾತುಗಳು.

ಕೋಟು ಮರಳಿ ಬಂದಾಗ ಜೇಬು ತಡಕುತ್ತೇನೆ.
ಚಿಲ್ಲರೆ, ಕೆಮ್ಮಿನ ಗುಳಿಗೆ, ಯಾವುದೋ ಚರ್ಚಿನ ಮೇಣದ ಚೂರು.
ಒಮ್ಮೆ ಒಂದು ಚೀಟಿ:
"ದೌರ್ಬಲ್ಯ: ಅತಿಯಾದ ಅಚ್ಚುಕಟ್ಟು", ಗೀಟು ಹೊಡೆದಿತ್ತು.
ಕೆಳಗೆ: "ಮನೆ ಬಾಡಿಗೆ".
"ಐದು ವರ್ಷದ ಮೇಲೆ ಎಲ್ಲಿರುತ್ತೀರಿ?"
ಎದುರಿಗೆ, ಪೆನ್ಸಿಲಿನಲ್ಲಿ: "ನೀವು?"
ಅದನ್ನು ಎಸೆಯಲಿಲ್ಲ, ಅದೇ ಜೇಬಿಗೆ ಹಾಕಿಟ್ಟೆ,
ಮುಂದಿನವರ ಬೆರಳಿಗೆ ಸಿಗಲಿ ಅಂತ.

ಖಾತೆ ಪುಸ್ತಕದಲ್ಲಿ ಎರಡೇ ಅಂಕಣ: ಹೋದದ್ದು, ಬಂದದ್ದು.
ಕೋಟು ಬಾರದಿದ್ದರೆ ನಾನು ಫೋನು ಮಾಡುವುದಿಲ್ಲ.
ಕೆಲಸ ಸಿಕ್ಕವರಿಗೆ ಮರೆವು ಜಾಸ್ತಿ.
ಹಾಲ್ಷ್ಕಾ ಕೊಂಡೊಯ್ದ ನೀಲಿಯ ಗೂಟ
ಡಿಸೆಂಬರಿನಿಂದ ಖಾಲಿ ಇದೆ.
ನೋಡಿದಾಗಲೆಲ್ಲ ಹೊಟ್ಟೆ ತಣ್ಣಗಾಗುತ್ತದೆ.

ಇರೆನೆಯುಷ್ ನಿನ್ನೆ ಬಂದ.
ಹೆಗಲ ಮೇಲೆ ಏಪ್ರಿಲ್ ತಿಂಗಳ ಹೊತ್ತುಗೆಟ್ಟ ಹಿಮ.
ಆಸ್ಪತ್ರೆಯ ಬಾಯ್ಲರು, ರಾತ್ರಿ ಪಾಳಿ.
"ಏನಂದಿರಿ?"
"ತಪ್ಪಿತು. 'ತೆರೆಯುತ್ತಿದ್ದೆವು' ಅಂದುಬಿಟ್ಟೆ."
ಎದುರಿಗಿದ್ದ ಹುಡುಗಿ ಪೆನ್ನು ಕೆಳಗಿಟ್ಟು ಕೇಳಿದಳಂತೆ:
ಉಳಿದವರು ಈಗ ಎಲ್ಲಿದ್ದಾರೆ?
ಒಬ್ಬೊಬ್ಬರ ಹೆಸರೂ ಹೇಳಿದನಂತೆ. ಹನ್ನೊಂದು.
ಹೊತ್ತು ಹಿಡಿಯಿತಂತೆ.
ಹೊರಗೆ ಕಾಯುತ್ತಿದ್ದವರು ಗಡಿಯಾರ ನೋಡಿಕೊಂಡರಂತೆ.

ಕಾಗದ ವಾರದೊಳಗೆ ಬರುತ್ತದೆ ಅಂದಿದ್ದಾರೆ.
ಎಲ್ಲರಿಗೂ ಅನ್ನುವುದೇ ಅದನ್ನು.
ಕೋಟು ಬಿಚ್ಚಿ ಕೊಡಲು ಹೋದ.
ಇರಲಿ, ಒಂದು ಗುಂಡಿ ಸಡಿಲವಿದೆ ಅಂದೆ,
ಹಾಕಿಕೊಂಡೇ ನಿಲ್ಲಿ.
ಎದೆಗೆ ಹತ್ತಿರ ಬಾಗಿ ದಾರ ಎಳೆದು
ಬೇಕಾದ್ದಕ್ಕಿಂತ ಹೆಚ್ಚು ಸಲ ಗಂಟು ಹಾಕಿದೆ.

ಗಾಜಿನಾಚೆ ಯಾರೋ ಹಾದುಹೋದರು,
ನೆಲ ನೋಡುತ್ತ.
ಒಂದು.
ಚಹಕ್ಕೆ ನೀರಿಟ್ಟೆ.