ಗಿರಣಿಯ ಮೇಲಿನ ಮಹಡಿ

ಮೊದಲನೆಯದರಲ್ಲಿ ಗಾಜಿನ ಬಾಗಿಲು, ಮೀನಿನ ತೊಟ್ಟಿ,
ಗೋಡೆಯ ಮೇಲೆ ಆಳೆತ್ತರದ ದವಡೆ.
ಅತ್ತೆ ಚಪ್ಪಲಿಯನ್ನೇ ಬಿಡಲಿಲ್ಲ.

ಎರಡನೆಯವರದು ಒಳ್ಳೇ ಕೈಗುಣವಂತೆ.
'ಇಷ್ಟು ದೊಡ್ಡವಳು ಅಳ್ತಾರಾ?' ಅಂದರು ಪಾವನಿಗೆ.
ಅವಳು ಅತ್ತಿರಲಿಲ್ಲ. ಆಮೇಲೆ ಅತ್ತಳು.

ಮತ್ತೆ ಹತ್ತು ದಿನ ಲವಂಗ, ಉಪ್ಪುನೀರು.
ಹಲ್ಲಿಗಿಂತ ಮೊದಲು ಎದೆ ಜುಮ್ಮೆನ್ನುವ ಮನೆ ನಮ್ಮದು.

ಮೂರನೆಯದು ಕೋಲಾರದ ದೊಡ್ಡಪೇಟೆಯಲ್ಲೇ,
ರಾಗಿ ಗಿರಣಿಯ ಮೇಲೆ. ಮೆಟ್ಟಿಲ ಕಂಬಿಗೆಲ್ಲ ಹಿಟ್ಟು.
ಕೆಳಗೆ ಕಲ್ಲು ತಿರುಗಿದರೆ ಮೇಲೆ ನೆಲ ಗುಂಯ್‌ಗುಡುತ್ತದೆ,
ಇವರು ನಿದ್ದೆಯಲ್ಲೂ ಬೆಚ್ಚುವ
ಆ ಸಣ್ಣ ಸದ್ದು ಅದರಲ್ಲೇ ಎಲ್ಲೋ ಕರಗುತ್ತದೆ.

ಡಾಕ್ಟರ್ ಶಾಹೀನಾ ಯಾರಿಗೂ ಬಾಯಿ ತೆರೆಯಿರಿ ಅನ್ನಲಿಲ್ಲ.
ಪುಟ್ಟ ಕನ್ನಡಿಯೊಂದನ್ನು ಪಾವನಿಯ ಕೈಗಿತ್ತು
'ನನ್ನವು ಎಷ್ಟಿವೆ, ಎಣಿಸು' ಎಂದು ತಾವೇ ತೆರೆದರು.
ಇಪ್ಪತ್ತೇಳು. ಒಂದು ಸಂದು.
'ಅದಾ? ಹೆದರಿಕೊಂಡು ತಡಮಾಡಿದೆ' ಅಂದರು.

ಯಾರೂ ನಗಲಿಲ್ಲ.
ನನ್ನ ನಾಲಿಗೆ ಮಾತ್ರ ತಾನಾಗಿ ಎಡಗಡೆಗೆ ಹೋಗಿ
ವರ್ಷದಿಂದ ಯಾರಿಗೂ ಹೇಳದ ಒಂದು ಹಲ್ಲನ್ನು ಮುಟ್ಟಿ ಬಂತು.

ಗುರುವಾರಕ್ಕೆ ಮೂರು ಹೆಸರು ಬರೆಸಿ, ತಡೆದು,
ನಾಲ್ಕು ಮಾಡಿಸಿದೆ.

ಇಳಿಯುವಾಗ ಅತ್ತೆ ಗಿರಣಿಯೊಳಗೆ ಇಣುಕಿ,
ಬೆಚ್ಚನೆಯ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ,
'ಅವತ್ತೇ ಐದು ಸೇರು ರಾಗೀನೂ ತಂದ್ಬಿಡೋಣ,
ಹೆಂಗೂ ಬರ್ತೀವಲ್ಲ.'